ಮಾರಿ ನೋಡಿದ್ರಿ, ಕೇಳಿದ್ರೇನು?

ಸಿಂದಗಿಯ ಕಾಲೇಜಿನಲ್ಲಿ ನಮಗೆ ಮನಶ್ಶಾಸ್ತ್ರ ಕಲಿಸುತ್ತಿದ್ದ ಶಹನಾಜ್ ಮೇಡಂ ಮೊದಲ ದಿನ ಬಂದವರೇ ಮುಖಕ್ಕೆ ಪುಸ್ತಕ ಅಡ್ಡ ಹಿಡಿದು, "ನನಗೀಗ ಸಿಟ್ಟು ಬಂದೈತೋ, ನಗಿ ಬಂದೈತೋ, ಹೇಳ್ರಿ" ಎಂದರು. ಅರ್ಧ ಜನ ಸಿಟ್ಟು ಎಂದೆವು, ಅರ್ಧ ಜನ ನಗು ಎಂದೆವು. "ಒಬ್ಬರರೆ ನನ್ನ ಕೇಳಿದ್ರೇನು? ಬಾಯಿ ಐತೆಲ್ಲ ನನಗ!" ಎಂದು ಪುಸ್ತಕ ಇಳಿಸಿದರು. ನಗುತ್ತಿದ್ದರು.

ಇನ್ನೊಂದು ದಿನ ಒಂದು ಫೋಟೊ ತಂದರು. ಬಾಯಿ ಸೊಟ್ಟ ಮಾಡಿಕೊಂಡು ಅಳುವ ಹುಡುಗಿ. "ಯಾರೋ ಸತ್ತಾರ್ರಿ" ಎಂದೆವು. ಕೆಳಭಾಗಕ್ಕೆ ಮುಚ್ಚಿದ್ದ ಹಾಳೆ ಸರಿಸಿದರೆ ಆಕೆಯ ಕೈಯಲ್ಲಿ ಕಬಡ್ಡಿಯಲ್ಲಿ ಗೆದ್ದ ಕಪ್! "ಮಾರಿ ಮ್ಯಾಲ ಇರೂದು ಬರೇ ಸುಳಿವು. ಒಳಗಿಂದು ಅವರನ್ನೇ ಕೇಳಬೇಕು." ಮುಖ ನೋಡಿ ಮಣೆ ಹಾಕುವ ಜನ ನಾವು, ನಮಗಿದು ಹೊಸದು.

ಆ ಮಾತೇ ನನ್ನನ್ನು ಉಳಿಸಿತು. ಕನ್ನೊಳ್ಳಿಯ ನಮ್ಮ ಮನೆಗೆ ಮಸೂತಿ ಊರಿನಿಂದ ವರನ ಕಡೆಯವರು ನನ್ನನ್ನು ಕನ್ಯಾ ನೋಡಲು ಬಂದಿದ್ದರು. ಅಪ್ಪ ಅಭಿಮಾನದಿಂದ ಮೇಡಂ ಅವರನ್ನೂ ಕರೆದಿದ್ದ. ಚಹಾ ತಂದ ನಾನು ಹಲ್ಲು ಕಿರಿದೆ. ಹೆದರಿದರೆ ನನಗೆ ನಗು ಬರುತ್ತದೆ, ಏನು ಮಾಡಲಿ! ವರನ ಸೋದರತ್ತೆ, "ಮಾರಿ ಹೆಂಗ ಅರಳೇತಿ ನೋಡ್ರಿ! ಹುಡುಗಿ ಒಪ್ಪ್ಯಾಳ. ಸಕ್ಕರಿ ಹಂಚ್ರಿ" ಎಂದಳು. ನನ್ನ ಎಂ.ಎ. ಆಸೆ ಆ ನಿಶ್ಚಯದ ಸಕ್ಕರೆಯ ಜೊತೆ ಕರಗುವುದರಲ್ಲಿತ್ತು.

"ತಡೀರಿ," ಎಂದರು ಮೇಡಂ. "ಮಾರಿ ನೋಡಿದ್ರಿ, ಕೇಳಿದ್ರೇನು?"

ಅಪ್ಪ ತಬ್ಬಿಬ್ಬಾದ. ನನ್ನತ್ತ ತಿರುಗಿ, "ಏನವ್ವಾ, ನಿನಗ ಏನ್ ಬೇಕು?" ಎಂದ. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. "ಮುಂದ ಓದ್ತೇನಪ್ಪಾ" ಎಂದೆ, ಹಲ್ಲು ಕಿರಿಯುತ್ತಲೇ. ಅಪ್ಪ ಸಕ್ಕರೆ ತಟ್ಟೆ ಒಳಗಿಟ್ಟ. ಮಸೂತಿಯವರು ಮುಖ ಊದಿಸಿಕೊಂಡು ಹೋದರು. ಅದನ್ನು ಓದಲು ಯಾವ ಶಾಸ್ತ್ರವೂ ಬೇಕಿರಲಿಲ್ಲ.

ನಾನೀಗ ಇಂಡಿ ಪಟ್ಟಣದ ಕಾಲೇಜಿನಲ್ಲಿ ಅದೇ ಮನಶ್ಶಾಸ್ತ್ರ ಕಲಿಸುತ್ತೇನೆ. ಮೇಡಂ ಅವರನ್ನು ಕೊನೆಯ ಸಲ ಕಂಡದ್ದು ಅವರ ಊರು ದೇವಣಗಾಂವದಲ್ಲಿ, ಅವರು ತೀರಿಕೊಳ್ಳುವ ಸ್ವಲ್ಪ ಮುಂಚೆ. ಲಕ್ವ ಹೊಡೆದು ಮುಖ ಮರಗಟ್ಟಿತ್ತು. ನನ್ನನ್ನು ಕಂಡರೂ ಕದಲಲಿಲ್ಲ. "ಯಾರ್ ಬಂದ್ರೂ ಮೇಡಂಗ ಖುಷಿ ಇಲ್ರಿ" ಎಂದು ನೆರೆಮನೆಯಾಕೆ ಪಿಸುಗುಟ್ಟಿದಳು. ಬೇಡದವಳು ಬಂದೆನೇನೋ ಅನ್ನಿಸಿತು. ಏಳಬೇಕೆಂದವಳು ಅವರ ಕೈ ಹಿಡಿದು ಕೇಳಿದೆ:

"ಮೇಡಂ, ನಾ ಬಂದದ್ದು ನಿಮಗ ಹೆಂಗ ಅನಸಾಕತ್ತೈತಿ?"

ಅವರ ಹಿಡಿತ ಬಿಗಿಯಾಯಿತು. ಮಾತು ತೊದಲುತ್ತ ಬಂತು.

"ಭಾಳ ಖುಷಿ ಆಗೇತಿ. ಎಷ್ಟೋ ಮಂದಿ ಬಂದ್ರು, ಮಾರಿ ನೋಡಿ ಹೋದ್ರು. ಕೇಳಿದಾಕಿ ನೀ ಒಬ್ಬಾಕಿ."