ಕಾಫಿ ಕಣದ ರಾಜಸಭೆ

ಕಳಸಕ್ಕೆ ಹೊರಟಿದ್ದ ನಮ್ಮ ಜೀಪು ಸಂಸೆಯಲ್ಲಿ ಕೆಟ್ಟು ನಿಂತಿತು. ಭಾನುವಾರದ ಮಧ್ಯಾಹ್ನ. ಪಕ್ಕದ ಎಸ್ಟೇಟಿನಲ್ಲಿ ನಾಟಕವಿದೆ ಎಂದರು, ಹೋದೆ.

ಕಾಫಿ ಒಣಗಿಸುವ ಕಣವೇ ರಂಗಸ್ಥಳ. ಹಳೆಯ ಪೌರಾಣಿಕ ನಾಟಕ. ತುಂಬಿದ ಸಭೆಯಲ್ಲಿ ರಾಣಿ ನ್ಯಾಯ ಕೇಳುತ್ತಾಳೆ, ರಾಜ ತಲೆ ತಗ್ಗಿಸುತ್ತಾನೆ. ನಾಟಕ ಆಡಿಸುತ್ತಿದ್ದವರು ಶಾಲೆಯ ಟೀಚರಮ್ಮ. ಅವರು ಅಲ್ಲಿಗೆ ಆಟ ನಿಲ್ಲಿಸಿ, ಎಸ್ಟೇಟಿನ ಹೆಂಗಸರ ಕಷ್ಟವನ್ನು ಅವರ ಬಾಯಿಂದಲೇ ಹೇಳಿಸಬೇಕೆಂದಿದ್ದರು. ರಾಜನ ಪಾತ್ರ ಮೇಸ್ತ್ರಿಯದು. ದಿನಾ ಆ ಹೆಂಗಸರಿಗೆ ಕೆಲಸ ಹಂಚುವವನು ಆತನೇ.

"ಪ್ರಾಕ್ಟೀಸಲ್ಲಿ ಎಷ್ಟು ಹೇಳಿದ್ರೂ ಈ ಮೇಸ್ತ್ರಿಯವ್ರು ತಲೆ ತಗ್ಗಿಸ್ಲೇ ಇಲ್ಲ," ಎಂದು ಟೀಚರಮ್ಮ ನನ್ನ ಬಳಿ ಗೊಣಗಿದರು.

ರಾಜ ಬಂದು ಸಿಂಹಾಸನದ ಬೆಂಚಿನಲ್ಲಿ ಕುಳಿತ. ನಾಟಕ ನೋಡಲು ಚಾಪೆಯ ಮೇಲೆ ಕುಳಿತಿದ್ದ ಹೆಂಗಸರೆಲ್ಲ ಎದ್ದು, ಬೆಳಗಿನ ಹಾಜರಿಗೆ ನಿಲ್ಲುವಂತೆ ಸಾಲಾಗಿ ನಿಂತರು.

"ಕೂತ್ಕಳ್ರೇ, ಇದು ನಾಟ್ಕ," ಎಂದ ಮೇಸ್ತ್ರಿ. ಯಾರೂ ಕೂರಲಿಲ್ಲ. ಆತ ಕಿರೀಟ ತೆಗೆದ.

"ನಾವು ಎದ್ದಿದ್ದು ಕಿರೀಟಕ್ಕಲ್ಲ ಮೇಸ್ತ್ರಿಯವ್ರೇ," ಎಂದಳು ಮುಂದಿನ ಸಾಲಿನ ಮುದುಕಿ.

ಟೀಚರಮ್ಮ ಆತನಿಗೆ ಕೆಳಗೆ ಕೂರುವಂತೆ ಸನ್ನೆ ಮಾಡಿದರು. ಮೇಸ್ತ್ರಿ ಬೆಂಚು ಬಿಟ್ಟು ನೆಲದ ಮೇಲೆ ಕುಳಿತ. ಆಗ ಹೆಂಗಸರೂ ಕುಳಿತರು. ರಾಣಿ ಬಾಯಿ ತೆರೆಯುವ ಮೊದಲೇ ಮುದುಕಿ ಕೇಳಿದಳು:

"ನನ್ ಸೊಸೆ ಹೆತ್ತು ತಿಂಗ್ಳಾಗಿರ್ಲಿಲ್ಲ. ಆ ಮಳೇಲಿ ಕೆಲ್ಸಕ್ಕೆ ಕರೆದ್ರಲ್ಲ. ನಿಮ್ ಮಗ್ಳಾಗಿದ್ರೆ ಕರೀತಿದ್ರಾ?"

ರಸ್ತೆಯಿಂದ ಜೀಪಿನ ಹಾರ್ನ್ ಕೇಳಿಸಿತು. ನಾನು ಏಳುವಾಗ ಮೇಸ್ತ್ರಿಯ ತಲೆ ತಗ್ಗಿತ್ತು. ಟೀಚರಮ್ಮ ಈ ಸಲ ಏನೂ ಹೇಳಿಕೊಟ್ಟಿರಲಿಲ್ಲ.