ರಗ್ಬಿ ಮೈದಾನದಲ್ಲಿ ಕೇಳಿದ ನನ್ನ ಸ್ವರ

ಸಮುದ್ರದ ಕಡೆಯಿಂದ ಸತ್ತವರು ಹೆಸರು ಹಿಡಿದು ಕರೆದರು ಎನ್ನುವವರು ನಮ್ಮ ಮರವಂತೆಯಲ್ಲಿ ಬೇಕಾದಷ್ಟು ಜನ. ಅದು ಗಾಳಿ ಮಾರಾಯ್ರೆ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದವನು ನಾನು. ಈಗ ನನ್ನ ಕಥೆ ಕೇಳಿ ಅವರು ನಗುತ್ತಾರೆ, ನಗಲಿ. ನಾಲ್ಕನೇ ಕ್ಲಾಸು ಓದಿದವನು, ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸಮುದ್ರಕ್ಕೆ ಬಿಟ್ಟ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವಾಗ ಅಲ್ಲಿ ನಿಂತು ಕೂಗು ಕೊಡುವುದು ನನ್ನ ಕೆಲಸವಾಗಿತ್ತು. ಆ ಕೂಗಿಗೆ ಎಲ್ಲರೂ ಒಟ್ಟಿಗೆ ಹಗ್ಗ ಎಳೆಯುತ್ತಿದ್ದರು. ಗಂಟಲಿನ ಆಪರೇಷನ್ ಆದ ಮೇಲೆ ಸ್ವರ ಹೋಯಿತು. ಈಗ ಉಳಿದದ್ದು ಪಿಸುಮಾತು, ಅದೂ ಪಕ್ಕದವರಿಗೆ ಮಾತ್ರ. ಆಗ ಮೊಮ್ಮಗಳು ಹುಟ್ಟಿರಲಿಲ್ಲ.

ಆ ಮೊಮ್ಮಗಳು ಕುಂದಾಪುರದ ಕಾಲೇಜಿನಲ್ಲಿ ಕಬಡ್ಡಿ ಆಡುತ್ತಾ ಆಡುತ್ತಾ ರಗ್ಬಿಗೆ ಹೋಗಿ ಭಾರತದ ಅಂಗಿ ಹಾಕಿಕೊಂಡಳು. ಆ ಫೋಟೊವನ್ನು ಬಸ್ಸಿನ ಕಂಡಕ್ಟರನಿಗೂ ತೋರಿಸಿದ್ದೇನೆ. ಆದರೆ ಎರಡು ವರ್ಷ ಅವಳನ್ನು ಹೊರಗೇ ಕೂರಿಸಿದ್ದರು. ಕೋಲ್ಕತ್ತಾದಲ್ಲಿ ನೇಪಾಳದ ಎದುರು ಮೊದಲ ಸಲ ಇಳಿಸುತ್ತಾರೆ, ಅಲ್ಲಿ ಎಡವಿದರೆ ಮತ್ತೆ ಕರೆಯುವುದು ಅನುಮಾನ ಎಂದು ಗೊತ್ತಾದಾಗ ಮಗನನ್ನು ಹೊರಡಿಸಿಕೊಂಡು ನಾನೂ ಹೋದೆ.

ಎರಡು ದಿನ ರೈಲು. ಆಟ ಹದಿನಾಲ್ಕು ನಿಮಿಷವಂತೆ. ಕುಂದಾಪುರದ ಬಸ್ಸಿಗೆ ಅದಕ್ಕಿಂತ ಹೆಚ್ಚು ಕಾಯುತ್ತೇವೆ. ಓಡುವುದು ಮುಂದಕ್ಕೆ, ಚೆಂಡು ಎಸೆಯುವುದು ಮಾತ್ರ ಹಿಂದಕ್ಕೆ. ಯಾರು ಮಾಡಿದ ಕಾನೂನೋ. ನೋಡಲು ಬಂದವರಲ್ಲಿ ನಮ್ಮ ಮುಂದಿನ ಸಾಲಿನವರು ಕೂರುವುದೇ ಇಲ್ಲ. "ಹ್ವಾಯ್, ಕೂಕಣಿ" ಎನ್ನಲು ನನಗೆ ಸ್ವರವಿಲ್ಲ, ಮಗನಿಗೆ ನಾಚಿಕೆ.

ಮೊಮ್ಮಗಳು ಎರಡು ಸಲ ಚೆಂಡು ಬಿಟ್ಟಳು. "ಎಂತ ಅಪ್ಪಯ್ಯ, ಇದನ್ ಕಾಂಬುಕೆ ಇಷ್ಟ್ ದೂರ ಬಂದದ್ದಾ?" ಎಂದ ಮಗ. ಕೊನೆಯ ನಿಮಿಷ, ಎರಡೂ ಕಡೆ ಸಮ ಅಂಕ. ಚೆಂಡು ಮತ್ತೆ ಅವಳ ಕೈಗೆ ಬಂತು. ನೇಪಾಳದ ಇಬ್ಬರು ಹುಡುಗಿಯರು ಎರಡು ಬದಿಯಿಂದ ನುಗ್ಗಿದರು. ನಾನು ಎದ್ದು, ಓಡು ಎನ್ನಲು ಬಾಯಿ ತೆರೆದೆ. ಏನೂ ಬರಲಿಲ್ಲ. ಓಡುತ್ತಿದ್ದವಳು ಗಕ್ಕನೆ ನಿಂತಳು. ಆ ಇಬ್ಬರೂ ಅವಳ ಮುಂದೆಯೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದರು. ಅವಳು ಪಕ್ಕದಿಂದ ಹಾದು ಗೆರೆಯಾಚೆ ಚೆಂಡು ಊರಿದಳು. ಗೆದ್ದೆವು. ಗುರುತಿಲ್ಲದವರನ್ನೆಲ್ಲ ನಾನು ತಬ್ಬಿಕೊಂಡೆ.

ಹೊರಗೆ ಬಂದವಳು ಮೊದಲು ಕೇಳಿದ್ದು, "ಅಜ್ಜಯ್ಯ, ನಿಮ್ಗೆ ಸ್ವರ ಯಾವಾಗ ಬಂತ್? ನೀವ್ ಕೂತ ಬದಿಯಿಂದ್ಲೇ 'ನಿಲ್ಲ್ ಮಗಾ' ಅಂದ್ ಕೂಗಿದ್ರಿ ಅಲ್ದಾ, ಅದ್ಕೇ ನಿಂತದ್ದ್."

"ಅಜ್ಜಯ್ಯ ಉಸ್ರೂ ಬಿಡ್ಲಿಲ್ಲ, ನಾ ಬದಿಯಲ್ಲೇ ಇದ್ದೆ" ಎಂದ ಮಗ.

ಅವಳು ಆ ಕೂಗನ್ನು ಹಾಗೆಯೇ ಕೂಗಿ ತೋರಿಸಿದಳು. 'ನಿಲ್ಲ್' ಎಂಬಲ್ಲಿ ಕಡಿದು, 'ಮಗಾ' ಎಂಬಲ್ಲಿ ಎಳೆದು ಮೇಲಕ್ಕೆತ್ತಿ, ದಡದಲ್ಲಿ ನಾನು ಕೂಗುತ್ತಿದ್ದ ಧಾಟಿಯಲ್ಲೇ. ಹುಡುಗನಾಗಿದ್ದಾಗ ನನ್ನ ಕೂಗಿಗೆ ಹಗ್ಗ ಎಳೆದಿದ್ದ ಮಗ ಅದನ್ನು ಇನ್ನೊಂದು ಸಲ ಕೂಗಿಸಿ ಕೇಳಿದ.

ಊರಿಗೆ ಬಂದ ಮೇಲೆ ಮಗನ ಮಾತು ಬೇರೆ. ನನ್ನ ಹಳೆಯ ರೆಕಾರ್ಡಿಂಗ್ ಅವಳು ಎಲ್ಲೋ ಕೇಳಿರಬೇಕು ಅನ್ನುತ್ತಾನೆ. ಯಾವ ರೆಕಾರ್ಡಿಂಗ್? ಬಲೆ ಬಿಟ್ಟು ನನ್ನ ಕೂಗು ಹಿಡಿದಿಡಲು ದಡದಲ್ಲಿ ಯಾರಿದ್ದರು? ಇಂಥ ವಿವರಣೆ ಕೇಳಿ ಕೇಳಿ ಸಾಕಾಗಿದೆ. ಸ್ವರ ನನ್ನದೇ ಇರಲಿ, ಆದರೆ ನಾನು ಹೇಳಹೊರಟದ್ದು ಓಡು ಎಂದು. ಓಡಿದ್ದರೆ ಅವಳು ಸಿಕ್ಕಿಬೀಳುತ್ತಿದ್ದಳು. ನಿಲ್ಲು ಎಂದವರು ಯಾರು?

ಬರುವ ತಿಂಗಳು ಇನ್ನೊಂದು ಆಟವಂತೆ, ಅಜ್ಜಯ್ಯ ಬರಲೇಬೇಕಂತೆ. ಖುಷಿಯಿಂದ ಹೋಗುತ್ತೇನೆ. ಆದರೆ ಅಲ್ಲಿ ನಾನು ಬಾಯಿ ತೆರೆಯಬೇಕೋ, ಮುಚ್ಚಿಕೊಂಡಿರಬೇಕೋ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.