ಗಣಿಯೂರಿನ ಮನೆ ಕಂದಾಯ

ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುವ ಗುಡ್ಡ ದೇವರು ಮಾಡಿದ್ದಲ್ಲ. ಕಲ್ಲಿದ್ದಲು ತೆಗೆಯುವಾಗ ಹೊರಗೆ ಸುರಿದ ಕಲ್ಲುಮಣ್ಣು ಬೆಳೆದು ಬೆಳೆದು ಅಷ್ಟೆತ್ತರವಾಗಿದೆ. ಗಣಿಗಳು ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಅದರ ಮೇಲೆ ಹುಲ್ಲು, ಮರ, ಭಾನುವಾರ ಹತ್ತಿಳಿಯುವ ಪ್ರವಾಸಿಗರು. ಕೆಳಗಿನ ಸುರಂಗಗಳಲ್ಲಿ ನೀರು ತುಂಬಿ ಭೂಮಿಯ ಶಾಖಕ್ಕೆ ಬೆಚ್ಚಗಾಗಿದೆ. ಆ ಬಿಸುಪನ್ನೇ ಕೊಳವೆಗಳಲ್ಲಿ ತಂದು ನಮ್ಮ ಬೀದಿಯ ಮನೆಗಳನ್ನು ಬೆಚ್ಚಗಿಡುತ್ತಾರೆ. ಮಂಜಿನ ಬೆಳಿಗ್ಗೆ ಬೆಚ್ಚನೆಯ ನೆಲದ ಮೇಲೆ ಬರಿಗಾಲಲ್ಲಿ ನಿಂತರೆ, ಮನೆ ಯಾರದೋ ನಿದ್ದೆಯ ಮೇಲೆ ಮೆಲ್ಲಗೆ ತೇಲುತ್ತಿದೆ ಅನ್ನಿಸುತ್ತದೆ.

ಕಳೆದ ಚಳಿಗಾಲ ಅಮ್ಮ ಮೂರು ತಿಂಗಳ ವೀಸಾದಲ್ಲಿ ಬಂದಳು. ಅಪ್ಪ ಕೋಲಾರದ ಚಿನ್ನದ ಗಣಿಯಲ್ಲಿದ್ದಾಗ ನಮ್ಮದು ಗಣಿಯವರು ಕೊಟ್ಟ ಮನೆ; ಅಪ್ಪ ಹೋದ ಮೇಲೆ ಬಾಡಿಗೆ ಮನೆಗಳು. ತನ್ನದು ಎನ್ನುವ ಮನೆ ಅಮ್ಮನಿಗೆ ಇರಲೇ ಇಲ್ಲ. ಹತ್ತಿರದ ಮಾಸ್ಟ್ರಿಕ್ಟ್ ನಗರದ ಕೆಲಸವನ್ನು ನಂಬಿ ಸಾಲ ಮಾಡಿ ಕೊಂಡ ಈ ಮನೆಯಲ್ಲಾದರೂ ಅವಳು ನಿರಾಳವಾಗಿರಲಿ ಎಂದು ನನಗೆ ಆಸೆ. ಅವಳೋ, ಒಗ್ಗರಣೆ ಹಾಕಲೂ ಹೆದರುತ್ತಿದ್ದಳು.

"ಘಾಟಾದ್ರೆ ಓನರ್ ಏನಾದ್ರೂ ಅಂತಾರೇನೇ?"

"ಅಮ್ಮಾ, ಓನರ್ ನಾನೇ!"

"ಬ್ಯಾಂಕಿಂದು ಅಂದ್ಯಲ್ಲ."

ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಒಂದು ಶನಿವಾರ ಅವಳನ್ನು ಗಣಿಯ ಮ್ಯೂಸಿಯಂಗೆ ಕರೆದೊಯ್ದೆ. ಅಲ್ಲಿ ವಿವರಿಸುತ್ತಿದ್ದ ಮುದುಕರೊಬ್ಬರು ಹರೆಯದಲ್ಲಿ ಗಣಿಗಿಳಿದವರು. ಕಲ್ಲಿನ ಪದರ, ಯಂತ್ರ, ದೀಪ ಎಲ್ಲವನ್ನೂ ಅಮ್ಮ ಸುಮ್ಮನೆ ನೋಡಿದಳು. ಕೊನೆಗೆ ನನ್ನ ತೋಳು ತಿವಿದಳು. "ಗಣಿ ಮುಚ್ಚಿದ್ಮೇಲೆ ಇವ್ರ ಮನೆ ಏನಾಯ್ತು, ಕೇಳೇ."

ಕೇಳಿದೆ. ಗಣಿಯವರು ಕೊಟ್ಟಿದ್ದ ಮನೆಯನ್ನೇ ಕೊಂಡುಕೊಂಡೆ, ಈಗಲೂ ಅಲ್ಲೇ ಇದ್ದೇನೆ ಎಂದರು. ಅಮ್ಮ ಅವರನ್ನು ಕಣ್ಣರಳಿಸಿ ನೋಡಿದಳು. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಹಣೆಯಾನಿಸಿ ಕೂತಳು. ಹೊರಗೆ ಗುಡ್ಡಗಳು ಮಂಜಿನಲ್ಲಿ ಕರಗುತ್ತಿದ್ದವು.

ಫೆಬ್ರವರಿಯಲ್ಲಿ ಗೆಮೇಂಟೆಯ, ಅಂದರೆ ಇಲ್ಲಿನ ನಗರಸಭೆಯ, ವಾರ್ಷಿಕ ತೆರಿಗೆಯ ಕಾಗದ ಬಂತು. ನಾನು ಎಂದಿನಂತೆ ಗೊಣಗತೊಡಗಿದೆ. ಮನೆಗೆ ತೆರಿಗೆ, ಚರಂಡಿಗೆ ತೆರಿಗೆ, ಕಸಕ್ಕೆ ತೆರಿಗೆ. ಪ್ರವಾಸಿ ಬಂದು ಒಂದು ರಾತ್ರಿ ಮಲಗಿದರೆ ಅದಕ್ಕೂ ತೆರಿಗೆ. ಇನ್ನು ಕನಸಿಗೊಂದು ಹಾಕುವುದು ಬಾಕಿ.

"ಏನೇ ಅದು?" ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು.

"ಮನೆ ಕಂದಾಯ. ಹಗಲು ದರೋಡೆ."

"ನಿನ್ ಹೆಸ್ರಿಗೇ ಬಂದಿದ್ಯಾ?"

"ಇನ್ನಾರ ಹೆಸ್ರಿಗೆ ಬರುತ್ತೆ?"

ಅವಳ ಮುಖ ಅರಳಿದ್ದನ್ನು ಹೇಗೆ ಹೇಳಲಿ! "ಹಾಗಾದ್ರೆ ಮನೆ ನಿಂದೇ ಕಣೇ! ಬಾಡಿಗೆಯವ್ರನ್ನ ಯಾರು ಕಂದಾಯ ಕೇಳ್ತಾರೆ? ನಮ್ಮನ್ನ ಒಂದ್ಸಲನೂ ಕೇಳ್ಲಿಲ್ಲ."

ಕಾಗದ ಕಸಿದುಕೊಂಡು ನನ್ನ ಹೆಸರು ಎಲ್ಲಿದೆ ಎಂದು ಕೇಳಿದಳು. ತೋರಿಸಿದೆ. ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಮುಖ ನೋಡದೆ ಕೇಳಿದಳು.

"ಮುಂದಿನ್ ವರ್ಷ ಇದ್ರಲ್ಲಿ ನನ್ ಹೆಸ್ರೂ ಹಾಕಿಸ್ತೀಯೇನೇ? ಕಂದಾಯ ಬೇಕಾದ್ರೆ ನಾನೇ ಕಟ್ತೀನಿ."

ಹೂಂ ಅಮ್ಮ, ಹಾಕಿಸ್ತೀನಿ ಎಂದೆ. ಮುಂದಿನ ವಾರ ಅವಳ ವೀಸಾ ಮುಗಿಯುವುದಿತ್ತು.